ಬಾಲ ನೆಲ ಮುಟ್ಟಿತೇ?

ತಾಪತ್ರಯವೆಲ್ಲ ಶುರುವಾದದ್ದು ಮೋಡಕ್ಕೆ ಬಾಲ ಬಂದದ್ದರಿಂದ. ಮಧ್ಯಾಹ್ನ ಒಂದರ ಹೊತ್ತಿಗೆ ಓಡೈಪಟ್ಟಿಯ ಪಡುವಣ ಆಕಾಶದಲ್ಲಿ ಕಪ್ಪು ಮೋಡವೊಂದು ಬಂದು ನಿಂತಿತ್ತು. ಅದರ ಹೊಟ್ಟೆಯಿಂದ ಎಮ್ಮೆಯ ಬಾಲದಂಥದ್ದೊಂದು ಇಳಿಬಿದ್ದು ಮೆಲ್ಲಗೆ ಸುತ್ತುತ್ತಿತ್ತು.

ಅದನ್ನು ಮೊದಲು ಕಂಡವನು ಮಾದವನ್. ಅವನ ಎರಡೆಕರೆ ದ್ರಾಕ್ಷಿ ಚಪ್ಪರದಲ್ಲಿ ಅಂದೇ ಕೊಯ್ಲು. ಕೂಲಿ ಮೇಸ್ತ್ರಿ ಮುನಿಯಮ್ಮಾಳ್ ತನ್ನ ಕಡೆಯ ಹನ್ನೆರಡು ಹೆಂಗಸರೊಂದಿಗೆ ಆಗತಾನೆ ಕತ್ತರಿ ಹಿಡಿದು ಚಪ್ಪರದಡಿ ನುಗ್ಗಿದ್ದಳು. ನಾಲ್ಕು ಗಂಟೆಗೆ ದಿಂಡಿಗಲ್ಲಿನ ವ್ಯಾಪಾರಿ ಪೆರುಮಾಳ್ ಲಾರಿ ತರುವವನಿದ್ದ. ನೀರು ಸೋಕಿದ ಹಣ್ಣು ತನಗೆ ಬೇಡವೆಂದು ಅವನು ಮೊದಲೇ ಹೇಳಿಬಿಟ್ಟಿದ್ದ. ಅದರಲ್ಲಿ ಅವನ ತಪ್ಪಿಲ್ಲ. ಚೆನ್ನಾಗಿ ಮಾಗಿದ ದ್ರಾಕ್ಷಿ ಒಂದು ಮಳೆ ಕುಡಿದರೆ ಸಿಪ್ಪೆ ಬಿರಿದು ಸಂಜೆಯೊಳಗೆ ಹುಳಿಯಾಗುತ್ತದೆ. ಅಂದರೆ ಮಾದವನ್‌ನ ನಾಲ್ಕು ತಿಂಗಳ ಬೆವರು ಆ ಮೂರು ಗಂಟೆಗಳ ಮೇಲೆ ನಿಂತಿತ್ತು.

ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಹಣ್ಣು ಕೊಯ್ಯಿಸುತ್ತಿದ್ದರು. ಆದರೆ ಮಾದವನ್‌ಗೆ ಎರಡು ವರ್ಷದಿಂದ ಹವಾಮಾನದ ಹುಚ್ಚು. ಎಲ್ಲೆಲ್ಲಿಯದೋ ಗಾಳಿ ಮಳೆಯನ್ನು ಫೋನಿನಲ್ಲಿ ನೋಡುತ್ತ ಕೂರುವನು. ಹೆಂಡತಿ ಕಣ್ಣಮ್ಮಾಳ್ ಊಟಕ್ಕೆ ಕರೆದರೆ ಮೋಡದ ಜಾತಿ ವಿವರಿಸುವನು. ಊರಿನಲ್ಲಿ ಅವನ ಮಾತಿಗೆ ಕಿವಿಗೊಡುವವರು ಒಬ್ಬರೂ ಇರಲಿಲ್ಲ, ಪಾಪ.

“ಅಕ್ಕಾ, ಅಲ್ಲಿ ನೋಡಿ. ಲಾಳಿಕೆ ಮೋಡ ಅಂತಾರೆ ಅದ್ನ. ಜನ್ಮಕ್ಕೆ ಒಂದ್ ಸಲ ಕಂಡ್ರೆ ಹೆಚ್ಚು,” ಎಂದ.

ಹನ್ನೆರಡು ಕತ್ತರಿಗಳು ಒಟ್ಟಿಗೇ ನಿಂತವು.

ಪಕ್ಕದ ತೋಟದ ಗಣೇಶನ್ ಬೇಲಿಯ ಮೇಲಿಂದ ಕತ್ತು ಚಾಚಿದ. ತನಗೆ ಸಂಬಂಧಿಸದ ಯಾವ ವಿಷಯವನ್ನೂ ಸುಮ್ಮನೆ ಬಿಟ್ಟುಕೊಟ್ಟು ಅಭ್ಯಾಸವಿಲ್ಲದ ಮನುಷ್ಯ ಅವನು. “ಲಾಳಿಕೆಯೂ ಇಲ್ಲೆ, ಜರಡಿಯೂ ಇಲ್ಲೆ. ಅದು ಸೂರಾವಳಿ. ಟಿವಿಯಲ್ಲಿ ನೋಡಿವ್ನಿ, ಮನೆ, ಬಸ್ಸು ಎಲ್ಲಾನೂ ಎತ್ತಿ ಒಗೀತದೆ.” ಸುಂಟರಗಾಳಿಗೆ ಅವರ ಕಡೆ ಸೂರಾವಳಿ ಎಂದೇ ಹೆಸರು.

“ಎರಡೂ ಬ್ಯಾರೆ ಬ್ಯಾರೆ ಗಣೇಶಣ್ಣಾ. ಬಾಲ ಆಕಾಸದಲ್ಲೇ ತೂಗಾಡ್ತಿದ್ರೆ ಲಾಳಿಕೆ ಮೋಡ, ಯಾರ್ಗೂ ತೊಂದ್ರೆ ಇಲ್ಲೆ. ಸುತ್ತೋ ಗಾಳಿ ನೆಲ ಮುಟ್ಟಿದ್ರೆ ಮಾತ್ರ ಸೂರಾವಳಿ. ಆಗ ಬುಡದಲ್ಲಿ ಮಣ್ಣು, ಕಸ ಎಲ್ಲಾ ಸುತ್ಕೊಂಡ್ ಮೇಲಕ್ಕೆ ಏಳ್ತದೆ.”

“ಬುಡ ಎಲ್ಲಿ ತಂಬೀ ಕಾಣ್ತದೆ?” ಎಂದಳು ಮುನಿಯಮ್ಮಾಳ್. ಅವಳ ಮಾತು ನಿಜ. ಬಾಲದ ತುದಿ ತೆಂಗಿನ ತೋಪಿನ ಹಿಂದೆ ಅಡಗಿತ್ತು. “ನೀನು ಬುಡ ತೋರ್ಸು, ನಾವು ಕತ್ತರಿ ಆಡಿಸ್ತೀವಿ. ಅಲ್ಲೀತನಕ ಚಪ್ಪರದ ಕೆಳಗೆ ನಾನು ಒಬ್ಬಳನ್ನೂ ಬಿಡೆ.”

ಮಾದವನ್ ಪಡುವಣ ದಿಕ್ಕಿನ ಕಾಮಯಗೌಂಡನ್‌ಪಟ್ಟಿಯಲ್ಲಿದ್ದ ಹೆಂಡತಿಯ ತಮ್ಮ ಪಾಂಡಿಗೆ ಫೋನ್ ಹಚ್ಚಿದ. ಸಾಕ್ಷಿ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

“ಇಲ್ಲಿ ಒಂದ್ ಎಲೆಯೂ ಅಲ್ಲಾಡ್ತಿಲ್ಲೆ ಬಾವಾ,” ಎಂದ ಪಾಂಡಿ. ಮಾದವನ್ ಗೆದ್ದವನಂತೆ ಸುತ್ತ ನೋಡಿದ. “ಆದ್ರೆ ಉತ್ತಮಪಾಳಯಂನ ಹಿಡ್ಕೊಂಬಿಟ್ಟದೆ. ಮರದ ಹಿಂದಕ್ಕೆ ಇಳಿದದ್ನ ನಾನೇ ಕಣ್ಣಾರೆ ನೋಡ್ದೆ. ಪಾಪ, ಆ ಜನ.”

ಉತ್ತಮಪಾಳಯಂನಲ್ಲಿ ಬಾಳೆಕಾಯಿ ವ್ಯಾಪಾರ ಮಾಡುವ ಷಡ್ಡಕ ವೇಲು ಇದ್ದ. ಅವನಿಗೂ ಫೋನ್ ಹೋಯಿತು.

“ನಮ್ಗೇನೂ ಇಲ್ಲೆ ಅಣ್ಣಾ, ಟೀ ಕುಡೀತಾ ಇವ್ನಿ. ನೀವು ಹೆಂಗೆ ಫೋನ್ ಮಾಡ್ತಾ ಇದ್ದೀರಿ? ಅದು ಇಳಿದಿರೋದು ಓಡೈಪಟ್ಟಿಗೆ. ಬಸ್‌ಸ್ಟ್ಯಾಂಡ್ ಜನ ಎಲ್ಲಾ ನಿಂತು ನೋಡ್ತಾ ಐತೆ. ಅಕ್ಕ ಜೀವಂತ ಇದ್ದಾಳಾ?”

ಈ ಪ್ರಶ್ನೆಗೆ ಉತ್ತರ ಕೇಳಲು ಚಪ್ಪರದಡಿ ಯಾರೂ ಉಳಿಯಲಿಲ್ಲ. ಹೆಂಗಸರು ಬುಟ್ಟಿ ಬಿಸಾಡಿ, ರಸ್ತೆ ದಾಟಿ, ಊರಿನ ನೀರಿನ ಟ್ಯಾಂಕಿನ ಕಂಬಗಳ ನಡುವೆ ಹೋಗಿ ಕುಳಿತರು. ಅವರು ಓಡಿದ್ದನ್ನು ಕಂಡು ಊರೂ ಓಡಿಬಂತು. ಅಕ್ಕಪಕ್ಕದ ತೋಟದವರೆಲ್ಲ ಅಲ್ಲೇ ಸೇರಿದರು. ಕೂಲಿಯವರಿಗೆ ಅನ್ನ ಹೊತ್ತು ತರುತ್ತಿದ್ದ ಕಣ್ಣಮ್ಮಾಳ್ ಕೂಡ ಅದೇ ಗುಂಪಿನಲ್ಲಿ ಸಿಕ್ಕಿಕೊಂಡಳು.

ಗಂಟೆ ಎರಡಾಗುತ್ತ ಬಂತು. ಮಾದವನ್ ಪಂಚೆ ಎತ್ತಿ ಕಟ್ಟಿ ಟ್ಯಾಂಕಿನ ಏಣಿ ಹತ್ತಿದ.

“ಇಳೀರಿ ಕೆಳಗೆ. ನಿಮ್ಗೆ ಎತ್ತರ ಆಗಲ್ಲ,” ಎಂದು ಕಣ್ಣಮ್ಮಾಳ್ ಕೂಗಿದಳು. ದ್ರಾಕ್ಷಿಯ ಯೋಚನೆಯಲ್ಲಿದ್ದವನಿಗೆ ಅದು ಕೇಳಿಸಲಿಲ್ಲ.

ಮೇಲಿನಿಂದ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಬಾಲದ ತುದಿಗೂ ನೆಲಕ್ಕೂ ನಡುವೆ ಬೇಕಾದಷ್ಟು ಬಯಲಿತ್ತು. ಧೂಳಿಲ್ಲ, ಕಸವಿಲ್ಲ. ನೇರ ಕೆಳಗಿನ ಗದ್ದೆಯಲ್ಲಿ ಕೊಕ್ಕರೆಗಳು ಆರಾಮವಾಗಿ ಹುಳ ಹೆಕ್ಕುತ್ತಿದ್ದವು.

“ಮುಟ್ಟಿಲ್ಲೆ,” ಎಂದು ಅವನು ಕೂಗಿ ಹೇಳಿದ. “ಯಾವ ಊರ್ನೂ ಮುಟ್ಟಿಲ್ಲೆ. ನೋಡ್ತಾ ಇರಿ, ಈಗ ಮೇಲಕ್ಕೆ ಹೋಗ್ತದೆ.”

ಅವನು ಹೇಳಿದಂತೆಯೇ ಬಾಲ ಸಣ್ಣಗಾಗಿ, ನೂಲಾಗಿ, ಮೋಡದೊಳಗೆ ಸೇರಿಹೋಯಿತು. ಕೆಳಗಿದ್ದವರು ಚಪ್ಪಾಳೆ ತಟ್ಟಿದರು.

“ನೀನ್ ಹೇಳಿದ್ದೇ ಸರಿ ಕಣಪ್ಪಾ ಮಾದವಾ,” ಎಂದ ಗಣೇಶನ್.

“ಏಳ್ರವ್ವಾ, ಕೊಯ್ಲು ಮುಗಿಸೋಣ,” ಎಂದಳು ಮುನಿಯಮ್ಮಾಳ್.

ಅಲ್ಲಿಗೆ ತೆಪ್ಪಗೆ ಇಳಿದಿದ್ದರೆ ಮಾದವನ್ ಉಳಿಯುತ್ತಿದ್ದ. ಆದರೆ ಐವತ್ತು ಜನ ತಲೆಯೆತ್ತಿ ತನ್ನ ಮಾತಿಗೆ ಕಾಯುವ ಸುಖವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆ ಸುಖ ಇನ್ನೊಂದು ಚೂರು ಬೇಕೆನಿಸಿತು.

“ಇನ್ನೊಂದ್ ವಿಷ್ಯ ಕೇಳ್ಕೊಳ್ಳಿ,” ಎಂದ. “ಬಾಲ ಹೋಯ್ತು ಅಂತ ಮೋಡ ಹೋಗಿಲ್ಲೆ. ಇಂಥಾ ಮೋಡ ಹೊಟ್ಟೆ ತುಂಬಾ ಮಳೆ ಇಟ್ಕೊಂಡಿರ್ತದೆ. ಇನ್ನೊಂದ್ ಗಂಟೆ, ಹೆಚ್ಚಂದ್ರೆ ಒಂದೂವರೆ. ಕೊಡದಲ್ಲಿ ಹೊಯ್ದಂಗೆ ಹೊಯ್ತದೆ.”

ಕೆಳಗಿದ್ದವರು ತಂತಮ್ಮ ತೋಟಗಳತ್ತ ತಿರುಗಿದರು. ಹಣ್ಣು ಮಾಗಿ ನಿಂತಿದ್ದು ಮಾದವನ್ ಒಬ್ಬನ ತೋಟದಲ್ಲಲ್ಲ. ಗಣೇಶನ್ ಎಲ್ಲರಿಗಿಂತ ಮೊದಲು ಮುನಿಯಮ್ಮಾಳ್‌ನ ದಾರಿಗೆ ಅಡ್ಡ ನಿಂತ. “ಅಕ್ಕಾ, ನನ್ ತೋಟ ಇಲ್ಲೇ ಐತೆ, ಬರೀ ಮುಕ್ಕಾಲೆಕರೆ. ಒಂದೂವರೆ ಕೂಲಿ ಕೊಡ್ತೀನಿ, ಈಗ್ಲೇ ಬನ್ನಿ.”

ಮಾದವನ್ ಇಳಿಯಲು ಹೊರಟ. ಹತ್ತುವಾಗ ದ್ರಾಕ್ಷಿಯ ಧ್ಯಾನದಲ್ಲಿ ಹತ್ತಿದ್ದ. ಈಗ ಕೆಳಗೆ ನೋಡಿದ್ದೇ ಏಣಿಯನ್ನು ಹಲ್ಲಿಯಂತೆ ಅಪ್ಪಿಕೊಂಡ. ಒಂದೊಂದೇ ಮೆಟ್ಟಿಲನ್ನು ಪಾದದಿಂದ ತಡಕಿ ತಡಕಿ ನೆಲ ಮುಟ್ಟುವಾಗ ಅರ್ಧ ಗಂಟೆ ಕಳೆದಿತ್ತು. ಹನ್ನೆರಡು ಕತ್ತರಿಗಳೂ ಗಣೇಶನ್‌ನ ಚಪ್ಪರದಲ್ಲಿ ಆಡುತ್ತಿದ್ದವು. ಗಣೇಶನ್ ಪೆರುಮಾಳ್‌ಗೂ ಫೋನ್ ಮಾಡಿ ಮಳೆಯ ಸುದ್ದಿ ಮುಟ್ಟಿಸಿದ್ದ. ಚಿನ್ನಮನೂರಿನಲ್ಲಿ ಊಟಕ್ಕೆ ಕುಳಿತಿದ್ದ ವ್ಯಾಪಾರಿ ಎಲೆ ಬಿಟ್ಟೆದ್ದು ಬಂದು, ತುಂಬಿದ ಕ್ರೇಟುಗಳನ್ನು ಅಲ್ಲೇ ಲಾರಿಗೆ ಏರಿಸತೊಡಗಿದ.

ಗಂಡ ಹೆಂಡತಿ ಇಬ್ಬರೇ ಓಡಿಹೋಗಿ ಕತ್ತರಿ ಹಿಡಿದರು. ಒಂಬತ್ತನೆಯ ಕ್ರೇಟು ತುಂಬುವಷ್ಟರಲ್ಲಿ ಮಳೆ ಬಂತು. ಅವನು ಹೇಳಿದ ಹೊತ್ತಿಗೆ, ಹೇಳಿದ ಹಾಗೆಯೇ ಬಂತು. ತಲೆಯ ಮೇಲೆ ಹಣ್ಣುಗಳು ನೀರು ಕುಡಿದು ಬಿರಿಯುವುದನ್ನು ನೋಡುತ್ತ ಮಾದವನ್ ಅತ್ತೇಬಿಟ್ಟ. ಕಣ್ಣಮ್ಮಾಳ್ ಅವನ ಬೆನ್ನು ಸವರಿದಳು.

ಸಂಜೆ ಗಣೇಶನ್ ಕೊಡೆ ಹಿಡಿದು ಬಂದ. ಅವನ ಹಿಂದೆ ಅರ್ಧ ಊರೇ ಇತ್ತು.

“ನಿನ್ ಮಾತ್ ನಂಬಿ ಬದುಕ್ಕೊಂಡೆ ಮಾದವಾ. ಒಂದ್ ಹಣ್ಣೂ ನೆನೀಲಿಲ್ಲೆ,” ಎಂದು ಅವನು ಕೈ ಮುಗಿದ. ಆ ಕೃತಜ್ಞತೆಯಲ್ಲಿ ಕಪಟವೇನೂ ಇರಲಿಲ್ಲ. “ಇನ್ಮೇಲೆ ನಿನ್ನ ಕೇಳ್ದೆ ನಾವ್ಯಾರೂ ಕತ್ತರಿ ಮುಟ್ಟಲ್ಲ. ನಾಳೆ ಹೆಂಗೆ, ಹೇಳು.”

ಎಲ್ಲರೂ ಅವನ ಮುಖ ನೋಡಿದರು. ಮಾದವನ್ ಕಣ್ಣೊರೆಸಿಕೊಂಡು ಆಕಾಶ ನೋಡಿದ. ಪಡುವಣ ಬೆಟ್ಟದ ಮೇಲೆ ಬಹಳ ಒಳ್ಳೆಯ ಜಾತಿಯ ಮೋಡವೊಂದಿತ್ತು. ಅವನ ಬಾಯಿ ತಾನಾಗಿ ತೆರೆಯಿತು.

ಕಣ್ಣಮ್ಮಾಳ್ ಒಡೆದ ದ್ರಾಕ್ಷಿಯ ಗೊಂಚಲೊಂದನ್ನು ಆ ಬಾಯಿಗೆ ತುರುಕಿದಳು.

“ನಾಳೇದು ಅವ್ರಿಗೆ ತಿಳೀದು,” ಎಂದಳು.