ದಿನಕ್ಕೆ ಎಂಟು ಚಪಾತಿ

ರವಿಕಿರಣನ ಮದುವೆಗೆ ಅಡ್ಡ ನಿಂತದ್ದು ಶನಿಯೂ ಅಲ್ಲ, ಕುಜನೂ ಅಲ್ಲ, ಗೋಧಿ. ಎಂಟು ತಿಂಗಳ ಹಿಂದೆ ಆರ್.ಟಿ. ನಗರದ ಡಾಕ್ಟರೊಬ್ಬರು ಅವನ ರಕ್ತಪರೀಕ್ಷೆಯ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಟು ಇರುತ್ತೆ. ನಿಮ್ಮ ಕರುಳಿಗೂ ಅದಕ್ಕೂ ಆಗಿಬರಲ್ಲ. ಇನ್ನು ಮೇಲೆ ಚಪಾತಿ, ಮೈದಾ, ರವೆ ಯಾವುದನ್ನೂ ಮುಟ್ಟಬೇಡಿ" ಎಂದು ಹೇಳಿ ಕಳಿಸಿದ್ದರು.

ನಿಜ ಹೇಳಬೇಕೆಂದರೆ ಅದರಿಂದ ಅವನಿಗೆ ದೊಡ್ಡ ನಷ್ಟವೇನೂ ಆಗಿರಲಿಲ್ಲ. ತಾಯಿ ನೀಲಕ್ಕ ಬಾಗಲಕೋಟೆ ಕಡೆಯವಳು. ಯಲಹಂಕಕ್ಕೆ ಬಂದು ಇಪ್ಪತ್ತು ವರ್ಷವಾದರೂ ರೊಟ್ಟಿ ಬಡಿಯುವುದನ್ನು ಅವಳ ಕೈ ಮರೆತಿರಲಿಲ್ಲ. ಒಂದು ಹೊತ್ತಿಗೆ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಇನ್ನೊಂದು ಹೊತ್ತಿಗೆ ಕೆಳಗಿನ ಮನೆಯ ಓನರ್ ಮುನಿಆಂಜಿನಪ್ಪನವರ ಹೆಂಡತಿ ಕಳಿಸುವ ರಾಗಿ ಮುದ್ದೆ, ಬಸ್ಸಾರು. ಅಂಗಡಿಯ ಇಂಗಿನಲ್ಲೂ ಮೈದಾ ಬೆರೆತಿರುತ್ತದೆಂದು ಗೊತ್ತಾದ ದಿನ ನೀಲಕ್ಕ ಇಂಗಿನ ಡಬ್ಬಿಯನ್ನು ಪಕ್ಕದ ಮನೆಗೆ ದಾನ ಮಾಡಿ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜತೊಡಗಿದಳು. ಪಥ್ಯ ಮಾಡಿ ದಪ್ಪಗಾದ ಮನುಷ್ಯ ಯಲಹಂಕದಲ್ಲಿ ಬಹುಶಃ ಅವನೊಬ್ಬನೇ. ಕಳೆದುಕೊಂಡದ್ದು ಒಂದನ್ನೇ, ಉಪ್ಪಿಟ್ಟನ್ನು. ಪೀಣ್ಯದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೇರೆಯವರು ಉಪ್ಪಿಟ್ಟು ತಿನ್ನುವಾಗ ಅವನು ಮುಖ ತಿರುಗಿಸಿ ಕೂರುತ್ತಿದ್ದ.

ಕಷ್ಟ ಶುರುವಾದದ್ದು ಹೆಣ್ಣು ನೋಡಲು ಹೊರಟ ಮೇಲೆ. ಹೆಬ್ಬಾಳದ ಮೊದಲ ಸಂಬಂಧದವರಿಗೆ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಮಾತು ಯಶವಂತಪುರ ಮುಟ್ಟುವಷ್ಟರಲ್ಲಿ ಹುಡುಗನ ಕರುಳಿಗೆ ತೂತು ಬಿದ್ದಿತ್ತು. ಮಾಕಳಿ ಮುಟ್ಟುವಷ್ಟರಲ್ಲಿ ಅರ್ಧ ಕರುಳನ್ನೇ ಕತ್ತರಿಸಿ ಹಾಕಿದ್ದರು. ಅಲ್ಲಿನ ಎರಡು ಸಂಬಂಧಗಳು ಹುಡುಗನ ಮುಖವನ್ನೂ ನೋಡದೆ ಮುರಿದುಬಿದ್ದವು. ಅವನಿಗೆ ಮೂವತ್ಮೂರು ತುಂಬಿತ್ತು. ಇನ್ನೊಂದು ಸಂಬಂಧ ಹೀಗೆ ತಪ್ಪಿದರೆ ತನ್ನ ಕತೆ ಮುಗಿಯಿತು ಎಂದು ಅವನಿಗೆ ಒಳಗೊಳಗೇ ಹೆದರಿಕೆ ಶುರುವಾಗಿತ್ತು.

ಆದ್ದರಿಂದ ಈ ಭಾನುವಾರ ಸೋಲದೇವನಹಳ್ಳಿಯ ಶಿವಪ್ರಕಾಶರ ಮಗಳು ರಕ್ಷಾಳನ್ನು ನೋಡಲು ಹೊರಡುವಾಗ ನೀಲಕ್ಕ ಮಗನನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿಕೊಂಡಳು.

"ಗೋಧಿ ಸುದ್ದಿ ಬಾಯಾಗ ಬರಬಾರದು ನೋಡು. ಮದುವಿ ಆದ ಮ್ಯಾಲ ಹೇಳಿದ್ರಾತು."

"ಹೆಣ್ಣು ನೋಡಾಕ ಹೋದ್ರ ಉಪ್ಪಿಟ್ಟು, ಕೇಸರಿಬಾತು ಕೊಡದ ಬಿಡ್ತಾರೇನವ್ವಾ? ಆಗೇನ್ ಮಾಡ್ಲಿ?"

"ತಿಂದಂಗ ಮಾಡು. ಅಷ್ಟೂ ಬರೂದಿಲ್ಲೇನು?"

ಕಾರು ಮುನಿಆಂಜಿನಪ್ಪನವರದು. ಕಾರಿನ ಜೊತೆಗೆ ಅವರೂ ಬಂದೇ ಬರುತ್ತಾರೆಂಬುದು ಬಾಡಿಗೆ ಕರಾರಿನಲ್ಲಿ ಬರೆಯದ ಷರತ್ತು. "ಲೋ ರವಿ, ಯೋಚ್ನೆ ಬುಡು. ನಾನು ಮಾತಾಡಿ ಮುರಿದೋಗಿರೋ ಸಂಬಂಧ ಒಂದೂ ಇಲ್ಲ" ಎಂದು ಸ್ಟಿಯರಿಂಗ್ ತಟ್ಟಿದರು. ಅವರು ಮಾತಾಡಿ ಕೂಡಿಸಿದ ಸಂಬಂಧವೂ ಒಂದೂ ಇರಲಿಲ್ಲ, ಆ ಮಾತು ಬೇರೆ.

ಶಿವಪ್ರಕಾಶರದು ಅಚ್ಚುಕಟ್ಟಾದ ಮನೆ. ಅವರೂ ಗದಗದ ಕಡೆಯಿಂದ ಬಂದು ಇಲ್ಲಿನ ಕಾಲೇಜೊಂದರಲ್ಲಿ ಕೆಲಸ ಮಾಡುತ್ತಿದ್ದವರು. ಕುಶಲ ವಿಚಾರಿಸಿ ಮುಗಿಯುವ ಹೊತ್ತಿಗೆ ರಕ್ಷಾ ತಟ್ಟೆಗಳನ್ನು ಹಿಡಿದು ಬಂದಳು. ಕನ್ನಡಕ, ಸಾದಾ ಸೀರೆ, ನಗು ತಡೆದುಕೊಂಡಂಥ ತುಟಿ. ರವಿಕಿರಣನಿಗೆ ಅವಳು ನೋಡಿದ ಗಳಿಗೆಯಲ್ಲೇ ಇಷ್ಟವಾಗಿಬಿಟ್ಟಳು. ಇವಳೇ ಆಗಲಿ ದೇವರೇ ಎಂದು ಮನಸ್ಸಿನಲ್ಲೇ ಕೈಮುಗಿದು ಕಣ್ಣು ಕೆಳಗಿಳಿಸಿದರೆ ತೊಡೆಯ ಮೇಲಿನ ತಟ್ಟೆಯಲ್ಲಿ ಉಪ್ಪಿಟ್ಟು ಹಬೆಯಾಡುತ್ತಿತ್ತು. ಬದಿಯಲ್ಲಿ ತುಪ್ಪ ಸೋರುವ ಕೇಸರಿಬಾತ್. ಎಂಟು ತಿಂಗಳ ಮೇಲೆ ಕೈಗೆ ಬಂದ ಉಪ್ಪಿಟ್ಟು. ಕರಿಬೇವಿನ ಘಮಕ್ಕೆ ಬಾಯಲ್ಲಿ ನೀರೂರಿತು.

"ನನಗೆ ಬೇಡಿ ಸಾರ್. ಇವತ್ತು ಉಪವಾಸ" ಎಂದ.

"ಉಪಾಸ ಎಲ್ಲಿಂದ ಬಂತೋ?" ಮುನಿಆಂಜಿನಪ್ಪ ಜೋರಾಗಿ ನಕ್ಕರು. "ಬೆಳಗ್ಗೆ ನಮ್ಮನೇಲಿ ಎರಡು ಮುದ್ದೆ ನುಂಗಿದ್ಯಲ್ಲ! ಉಡ್ಗ ನಾಚ್ಕಂತಾವ್ನೆ ಸಾರ್, ತಿಂತಾನೆ ಬುಡಿ."

ಇನ್ನು ಬೇರೆ ದಾರಿಯಿರಲಿಲ್ಲ. ಶಿವಪ್ರಕಾಶರು ಗೋಡೆಯ ಮೇಲಿನ ಫೋಟೋ ತೋರಿಸಿ ತಮ್ಮ ತಂದೆಯ ವಿಷಯ ಹೇಳತೊಡಗಿದಾಗ ಎಲ್ಲರೂ ಅತ್ತ ತಿರುಗಿದರು. ರವಿಕಿರಣ ಕರ್ಚೀಫು ಹಾಸಿ, ಉಪ್ಪಿಟ್ಟು, ಕೇಸರಿಬಾತ್ ಎರಡನ್ನೂ ಅದಕ್ಕೆ ಸುರಿದುಕೊಂಡು, ಗಂಟು ಕಟ್ಟಿ ಪ್ಯಾಂಟಿನ ಕಿಸೆಗೆ ತುರುಕಿದ.

"ಅಯ್ಯ, ಎಷ್ಟು ಲಗೂನ ಖಾಲಿ ಮಾಡ್ಯಾರ ನೋಡ್ರಿ!" ಹುಡುಗಿಯ ತಾಯಿ ಸಂತೋಷದಿಂದ ಇನ್ನೊಂದು ಸೌಟು ಬಡಿಸಿದರು. ಕರ್ಚೀಫು ಒಂದೇ ಇದ್ದದ್ದು. ಎರಡನೆಯ ಸೌಟು ಅವಕಾಶ ನೋಡಿ ಹಾಗೆಯೇ, ಬಿಸಿಬಿಸಿಯಾಗಿ, ಇನ್ನೊಂದು ಕಿಸೆಗೆ ಇಳಿಯಿತು. ಅವನು ಹಲ್ಲು ಕಚ್ಚಿ ನಕ್ಕ.

ಆಗ ಹುಡುಗಿಯ ತಾಯಿ ನೀಲಕ್ಕನ ಪಕ್ಕ ಕೂತು, "ನಿಮ್ಮ ಮನ್ಯಾಗ ದಿನಾ ಊಟಕ್ಕ ಏನ್ ಮಾಡ್ತೀರಿ? ರೊಟ್ಟಿನೋ, ಚಪಾತಿನೋ?" ಎಂದು ಕೇಳಿದರು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಯಾರೋ ಇವರ ಕಿವಿಗೂ ಊದಿದ್ದಾರೆಂದು ನೀಲಕ್ಕನ ಎದೆ ಧಸಕ್ಕೆಂದಿತು. "ಚಪಾತಿನ್ರಿ! ಮೂರೂ ಹೊತ್ತೂ ಚಪಾತಿನ. ನಮ್ಮ ಹುಡುಗ ದಿನಕ್ಕ ಎಂಟು ತಿಂತಾನ. ಗೋಧಿ ಹುಗ್ಗಿ ಅಂದ್ರಂತೂ ಪಾತೇಲಿನ ಬರಿದು ಮಾಡ್ತಾನ!"

"ತಿಂಗಳಿಗೊಂದು ಮೂಟೆ ಗೋಧಿ ಮೆಟ್ಲತ್ತಿಸೋನು ನಾನೇ" ಎಂದು ಮುನಿಆಂಜಿನಪ್ಪ ಕೈಜೋಡಿಸಿದರು. "ನಮ್ ಬೀದಿ ಮಿಲ್ಲಿನೋನು ಇವ್ರ ಮನೆ ನಂಬ್ಕಂಡೇ ಬದುಕವ್ನೆ."

ಶಿವಪ್ರಕಾಶರು ಲೋಟವನ್ನು ಕೆಳಗಿಟ್ಟು ಹೆಂಡತಿಯ ಮುಖ ನೋಡಿದರು. ಹೆಂಡತಿ ಮಗಳ ಮುಖ ನೋಡಿದರು. ನೀಲಕ್ಕ ಅದನ್ನು ಮೆಚ್ಚುಗೆಯೆಂದು ಲೆಕ್ಕ ಹಾಕಿಕೊಂಡಳು.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ಮಹಡಿಗೆ ಕಳಿಸಿದರು. ತುಪ್ಪ ತೊಡೆಗಿಳಿಯುತ್ತಿದ್ದದ್ದರಿಂದ ರವಿಕಿರಣ ಎರಡೂ ಕೈಗಳನ್ನು ಕಿಸೆಗಳ ಮೇಲೆ ಒತ್ತಿ ಹಿಡಿದು ನಿಂತಿದ್ದ. ಅವಳ ಕಣ್ಣು ಒಮ್ಮೆ ಆ ಕಡೆ ಹೋಗಿ ಬಂತು.

"ಚಪಾತಿ ಅಂದ್ರೆ ಅಷ್ಟೊಂದು ಇಷ್ಟಾನಾ ನಿಮ್ಗೆ?" ಎಂದು ಮೆಲ್ಲಗೆ ಕೇಳಿದಳು.

ಆ ಕ್ಷಣ ನಿಜ ಹೇಳಿಬಿಡೋಣ ಎಂದು ಅವನ ನಾಲಿಗೆ ತುದಿಗೆ ಬಂದಿತ್ತು. ಮಾಕಳಿಯಲ್ಲಿ ಕತ್ತರಿಸಿ ಹಾಕಿದ ಅರ್ಧ ಕರುಳು ನೆನಪಾಯಿತು. "ಜೀವ ಕಣ್ರೀ" ಎಂದ.

"ಮನೇಲಿ ಗೋಧಿ ಹಿಟ್ಟೇ ಇಲ್ಲದೇ ಹೋದ್ರೆ?"

"ಅಂಥಾ ಮನೇಲಿ ನಾನು ಒಂದಿನಾನೂ ಇರಲ್ಲ."

ರಕ್ಷಾ ಮೆಟ್ಟಿಲಿನ ಕಡೆ ತಿರುಗಿದಳು. "ಕೆಳಗೆ ಹೋಗೋಣ" ಎಂದಳು.

ವಾಪಸ್ಸು ಬರುವ ದಾರಿಯುದ್ದಕ್ಕೂ ಕಾರಿನಲ್ಲಿ ಹಬ್ಬ. ನೀಲಕ್ಕ ಛತ್ರದವರೆಗೆ ಹೋಗಿದ್ದಳು, ಮುನಿಆಂಜಿನಪ್ಪ ಬೀಗರ ಊಟದವರೆಗೆ. ಮನೆ ಮುಟ್ಟಿದ ಮೇಲೆ ಮಗ ಬಿಚ್ಚಿಟ್ಟ ಪ್ಯಾಂಟಿನ ಮೇಲಿನ ಹಳದಿ ಕಲೆ ನೋಡಿ ನೀಲಕ್ಕ ಅದನ್ನು ಹಾಗೆಯೇ ಸೋಪಿನ ನೀರಿನಲ್ಲಿ ಅದ್ದಿಟ್ಟಳು.

ಸಂಜೆ ಆರಕ್ಕೆ ಮುನಿಆಂಜಿನಪ್ಪ ಮೊಬೈಲು ಹಿಡಿದು ಮೇಲೆ ಓಡಿ ಬಂದರು. ಶಿವಪ್ರಕಾಶರ ಫೋನು. ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದರು.

"ಹುಡುಗ ಛಲೋ ಅದಾನ್ರಿ. ಆದ್ರ ನಮಗ ಕೂಡಿ ಬರೂದಿಲ್ಲ. ನಿಮ್ಮ ಮುಂದ ಮುಚ್ಚಿಡೂದ್ಯಾಕ, ನಮ್ಮ ರಕ್ಷಾಗ ಗೋಧಿ ಆಗಂಗಿಲ್ಲ. ಡಾಕ್ಟರು ಪೂರಾ ಬಿಡಿಸ್ಯಾರ. ಇದನ್ನ ಹೇಳಿ ಎರಡು ಸಂಬಂಧ ತಪ್ಪಿದ್ವು ಅಂತ ಇವತ್ತು ಸುಮ್ನಿದ್ವಿ. ಆದ್ರ ಮೂರೂ ಹೊತ್ತು ಚಪಾತಿ ಮಾಡೋ ಮನಿಗೆ ಹ್ಯಾಂಗ ಕೊಡೂಣ್ರಿ? ಹಿಟ್ಟು ಹಾರಿ ತಾಟಿಗೆ ಬಿದ್ರೂ ಆಕಿಗೆ ತ್ರಾಸ."

ನೀಲಕ್ಕ ಹಣೆ ಹಣೆ ಬಡಿದುಕೊಂಡಳು. ರವಿಕಿರಣ ಫೋನು ಕಿತ್ತುಕೊಂಡ.

"ಸಾರ್! ನನಗೂ ಗೋಧಿ ಆಗಲ್ಲ ಸಾರ್! ಒಂದು ತುಣುಕೂ ಆಗಲ್ಲ!"

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು.

"ತಮ್ಮಾ, ಹುಡುಗಿ ನಿನ್ನ ಮನಸಿಗೆ ಬಂದಾಳ, ನನಗ ತಿಳೀತದ. ಆದ್ರ ಹಿಂಗ ಸುಳ್ಳು ಹೇಳಬಾರದು. ಮಧ್ಯಾಹ್ನ ದಿನಕ್ಕ ಎಂಟು ಚಪಾತಿ, ಸಂಜಿಕ ಒಂದು ತುಣುಕೂ ಆಗಂಗಿಲ್ಲ? ನಾವು ಮಾಡಿದ್ದು ಅಕ್ಕಿ ತರಿ ಉಪ್ಪಿಟ್ಟು. ಕೇಸರಿಬಾತೂ ಅಕ್ಕಿ ತರೀದ. ಗೋಧಿ ರವಾ ಅಲ್ಲಂತ ಬಾಯಿಗೆ ಸೇರದ ನೀ ಕಿಸೆದಾಗ ತುಂಬಿಕೊಂಡಿ. ಆಕಿ ಎಲ್ಲಾ ನೋಡ್ಯಾಳ."

"ಅದು ಗೋಧಿ ಅಂತಾನೇ ಹಾಕ್ಕೊಂಡಿದ್ದು ಸಾರ್! ನನ್ ಹತ್ರ ರಿಪೋರ್ಟ್ ಇದೆ!"

"ನಿಮ್ಮವ್ವ ಹೇಳಿದ್ದು ಸುಳ್ಳು, ಓನರು ಹೇಳಿದ್ದು ಸುಳ್ಳು, ನೀ ಹೇಳಿದ್ದೂ ಸುಳ್ಳು. ಕಾಗದ ಅಷ್ಟ ಖರೇ ಏನು?" ಶಿವಪ್ರಕಾಶರು ಕೊಂಚ ಮೆತ್ತಗಾದರು. "ಖರೇನ ಇದ್ರ ಒಂದು ಮಾಡು. ನಮ್ಮ ರಕ್ಷಾನ್ನ ನೋಡೋ ಡಾಕ್ಟರಮ್ಮನ ಹತ್ರ ಹೊಸದಾಗಿ ರಕ್ತ ಕೊಡು. ಅವರು ಹೌದಂದ್ರ ಮರುದಿನಾನ ನಿಶ್ಚಯ ಮಾಡೂಣು."

ರವಿಕಿರಣನಿಗೆ ಹೋದ ಜೀವ ಬಂತು. ಅವರು ಕೊಟ್ಟ ನಂಬರಿಗೆ ನಿಂತ ನಿಲುವಿನಲ್ಲೇ, ಸ್ಪೀಕರ್ ಹಾಕಿಯೇ, ಫೋನು ಮಾಡಿದ. ಡಾಕ್ಟರಮ್ಮ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ಗೋಧಿ ಬಿಟ್ಟು ಎಷ್ಟು ದಿನ ಆಯ್ತು?" ಎಂದರು.

"ಎಂಟು ತಿಂಗಳು ಮೇಡಂ. ಇಂಗೂ ಮುಟ್ಟಿಲ್ಲ!" ಎಂದ ಹೆಮ್ಮೆಯಿಂದ.

"ತುಂಬಾ ಒಳ್ಳೇದು. ಹಾಗಾದ್ರೆ ಈಗ ಟೆಸ್ಟ್ ಮಾಡಿ ಪ್ರಯೋಜನ ಇಲ್ಲ. ಇಷ್ಟು ಚೆನ್ನಾಗಿ ಪಥ್ಯ ಮಾಡಿದವರ ರಕ್ತದಲ್ಲಿ ಏನೂ ಸಿಗೋದಿಲ್ಲ. ಕಾಯಿಲೆಯೇ ಇಲ್ಲ ಅಂತ ಬರುತ್ತೆ. ಮತ್ತೆ ಕಾಣಿಸಿಕೊಳ್ಳಬೇಕು ಅಂದ್ರೆ ಆರು ವಾರ ದಿನಾ ಗೋಧಿ ತಿಂದು ಬರಬೇಕು. ಆದ್ರೆ ಹೊಟ್ಟೆ ಸುಮ್ಮನಿರಲ್ಲ, ನೋಡಿ. ಯೋಚನೆ ಮಾಡಿ ಹೇಳಿ."

ರವಿಕಿರಣ ಯೋಚನೆ ಮಾಡಿದ. ಒಂದು ಕಡೆ ಕರುಳು, ಇನ್ನೊಂದು ಕಡೆ ನಗು ತಡೆದುಕೊಂಡ ಆ ತುಟಿ. ಇದ್ದಕ್ಕಿದ್ದಂತೆ ಏನೋ ನೆನಪಾಗಿ ಬಚ್ಚಲಿಗೆ ಓಡಿದ. ಎಂಟು ತಿಂಗಳಿಂದ ಅವನು ಹಂಬಲಿಸಿದ ಉಪ್ಪಿಟ್ಟು, ಅವನೂ ತಿನ್ನಬಹುದಾಗಿದ್ದ ಉಪ್ಪಿಟ್ಟು, ಬಕೆಟ್ಟಿನ ಸೋಪಿನ ನೊರೆಯಲ್ಲಿ ತೇಲುತ್ತಿತ್ತು. ಒಂದು ಗೋಡಂಬಿ ಮಾತ್ರ ಅವನ ಕಡೆಗೆ ಈಜಿ ಬಂತು. ಅವನಿಗೆ ನಿಜಕ್ಕೂ ಅಳು ಬಂತು.

ಹೊರಗೆ ಬರುವಷ್ಟರಲ್ಲಿ ಮುನಿಆಂಜಿನಪ್ಪ ಮೂಲೆಯ ಅಂಗಡಿಗೆ ಹೋಗಿ ಬಂದಿದ್ದರು. ಆ ಮೆಟ್ಟಿಲುಗಳನ್ನು ಅವರು ನಿಜವಾಗಿ ಗೋಧಿ ಹೊತ್ತು ಹತ್ತಿದ್ದು ಅದೇ ಮೊದಲು. ನೀಲಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹಿಟ್ಟಿನ ಪೊಟ್ಟಣ ಬಿಚ್ಚಿದಳು.

"ಎಷ್ಟು ಮಾಡ್ಲೋ ಯಪ್ಪಾ?" ಎಂದು ಮಗನನ್ನು ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ಮುನಿಆಂಜಿನಪ್ಪ ಚಾಪೆ ಹಾಸಿಕೊಂಡು ಕೂತು ಹೇಳಿದರು:

"ಎಂಟು ಮಾಡಮ್ಮ. ದೊಡ್ಡೋರ ಮುಂದೆ ಕೊಟ್ಟ ಮಾತು."