ಮಂಡಿಯ ತಲೆಗೆ ಕಟ್ಟಿದ ನೋವು

ನಮ್ಮ ದೇಹದಲ್ಲಿ ಕೆಲವು ಜಾಗಗಳು ಬಲು ಮರ್ಯಾದಸ್ಥರು. ತಲೆ, ಬೆನ್ನು, ಭುಜ, ಮಂಡಿ, ಇವುಗಳಲ್ಲಿ ಯಾವುದು ನೊಂದರೂ ನಾಲ್ಕು ಜನರ ನಡುವೆ ಕುಳಿತು ಧಾರಾಳವಾಗಿ ನರಳಬಹುದು. ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ, ಕಾಫಿಯನ್ನೂ ಕೊಡುತ್ತಾರೆ. ತೊಡೆಸಂದಿಗೆ ಆ ಯೋಗವಿಲ್ಲ. ಐವತ್ತಮೂರನೆಯ ವಯಸ್ಸಿನಲ್ಲಿ ನನಗೆ ನೋವು ಬಂದದ್ದು, ನೋಡಿ, ಸರಿಯಾಗಿ ಅಲ್ಲೇ. ಬಲಗಡೆಯ ಸಂದಿನಲ್ಲಿ ಯಾರೋ ಗೂಟ ಬಡಿದ ಹಾಗೆ. ಜೊತೆಗೆ ಮಂಡಿಯೂ ಒಂದಿಷ್ಟು ನೋಯುತ್ತಿತ್ತು. ನಾನು ಹಿಂದೆ ಮುಂದೆ ನೋಡದೆ ಪೂರ್ತಿ ಅಪರಾಧವನ್ನು ಆ ಬಡಪಾಯಿ ಮಂಡಿಯ ತಲೆಗೆ ಕಟ್ಟಿಬಿಟ್ಟೆ.

ನಾನು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಬೆಳಗಿನ ಶಿಫ್ಟಿನ ಹೊತ್ತಿಗೆ ನಮ್ಮೂರು ಉಡಿಗಾಲದಿಂದ ಸರಿಯಾದ ಬಸ್ಸಿಲ್ಲ, ಬೈಕೇ ಗತಿ. ಆದರೆ ಬೈಕಿನ ಆಚೆಗೆ ಕಾಲು ಹಾಕುವುದೇ ಆಗದು. ಮೊದಮೊದಲು ಬೈಕನ್ನು ನನ್ನತ್ತ ವಾಲಿಸಿಕೊಂಡು ಹತ್ತಿದೆ. ಆಮೇಲೆ ಜಗುಲಿಗೆ ಒತ್ತಿ ನಿಲ್ಲಿಸಿ, ಮೇಲಿನಿಂದ ಅದರ ಮೇಲೆ ಇಳಿದೆ. ಕೊನೆಗೆ ಪ್ಯಾಂಟಿನ ಬಟ್ಟೆಯನ್ನು ಹಿಡಿದು ಕಾಲನ್ನೇ ಸಾಮಾನಿನಂತೆ ಎತ್ತಿ ಆಚೆಗಿಡುವ ಸ್ಥಿತಿಗೆ ಬಂದೆ. ಕಾರ್ಖಾನೆಯ ಗೇಟು ಕಾಯುವ ಸಿದ್ದರಾಜು ಇದನ್ನು ನೋಡಿ, "ಯಾನಣ್ಣ, ಬೈಕ್ ಅತ್ತಾದು ಅಂದ್ರೆ ಬೆಟ್ಟ ಅತ್ದಂಗ್ ಮಾಡೀಯಲ್ಲ, ಯಾನಾಗದೆ?" ಎಂದ. "ಮಂಡಿ ಕಣ್ಲಾ" ಎಂದೆ. ಮಾರನೆಯ ದಿನವೇ ಒಂದು ಚೀಲ ಎಕ್ಕದ ಎಲೆ ತಂದುಕೊಟ್ಟ. ಅವ್ವ ದಿನಾ ಸಂಜೆ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ, ನನ್ನ ಮಂಡಿಗೆ ಕಟ್ಟಿದಳು. ಅವಳಿಗೂ ನಾಲ್ಕು ವರ್ಷದಿಂದ ಮಂಡಿ ನೋವು, ಹೀಗಾಗಿ ಕಟ್ಟುವ ಕೈ ಪಳಗಿತ್ತು. ಮಂಡಿಯ ಎಕ್ಸ್‌ರೇ ಕೂಡ ಆಯಿತು. ಅದನ್ನು ನೋಡಿದ ಡಾಕ್ಟರು, "ಇಪ್ಪತ್ತು ವರ್ಷದ ಹುಡುಗನ ಮಂಡಿ ಸಾರ್ ನಿಮ್ದು" ಎಂದರು. ಜೀವನದಲ್ಲಿ ನನಗೆ ಸಿಕ್ಕಿದ್ದು ಅದೊಂದೇ ಹೊಗಳಿಕೆ, ಅದೂ ಉಪಯೋಗಕ್ಕೆ ಬರಲಿಲ್ಲ. ಬೈಕು ಹತ್ತಲಾಗದಿದ್ದರೆ ಕೆಲಸ ಬಿಡಬೇಕು ಎಂಬ ಹೆದರಿಕೆ ಮಾತ್ರ ಉಳಿಯಿತು.

ಕೊನೆಗೆ ಗುಂಡ್ಲುಪೇಟೆಯಲ್ಲಿ ಒಬ್ಬ ಮೂಳೆ ಡಾಕ್ಟರು ಚೆನ್ನಾಗಿ ನೋಡುತ್ತಾರೆಂದು ಕೇಳಿ ಹೊರಟೆ. ತಂಗಿಯ ಮನೆ ಅಲ್ಲೇ ಇರುವುದರಿಂದ "ನಾನೂ ಬತ್ತೀನಿ, ಮಗಳ್ನ ನೋಡ್ಕಂಡ್ ಬರನ" ಎಂದು ಅವ್ವನೂ ಬಂದಳು. ಒಳಗೆ ಹೋದರೆ, ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು! ನನ್ನ ನೋವು ತಕ್ಷಣ ಒಂದು ಗೇಣು ಕೆಳಗಿಳಿದು ಮಂಡಿಗೆ ಅಂಟಿಕೊಂಡಿತು.

"ಮಂಡಿ ಮೇಡಂ" ಎಂದೆ. ಆಕೆ ಮಂಡಿಯ ಕಡೆ ತಿರುಗಿಯೂ ನೋಡಲಿಲ್ಲ. "ಸಾಕ್ಸ್ ಯಾರು ಹಾಕ್ತಾರೆ ಸಾರ್ ನಿಮಗೆ?" ಎಂದರು.

ಅಬ್ಬಾ! ಮೂರು ತಿಂಗಳಿಂದ ನನ್ನ ಬಲಗಾಲಿಗೆ ಸಾಕ್ಸ್ ಹಾಕುತ್ತಿರುವುದು ನನ್ನ ಹೆಂಡತಿ. ಇದು ನಮ್ಮಿಬ್ಬರನ್ನು ಬಿಟ್ಟರೆ ದೇವರಿಗೆ ಮಾತ್ರ ಗೊತ್ತಿದ್ದ ಗುಟ್ಟು. ಬಾಗಿಲಿನಿಂದ ಕುರ್ಚಿಗೆ ನಾನು ಹಾಕಿದ ಏಳೆಂಟು ಹೆಜ್ಜೆಯಲ್ಲಿ ಈ ಹುಡುಗಿ ಅದನ್ನು ಓದಿಬಿಟ್ಟಿದ್ದಳು. ಆಮೇಲೆ ಪ್ರಶ್ನೆಗಳು. ಬಿದ್ದಿದ್ದಿರಾ? ಜ್ವರ ಇದೆಯಾ? ತೂಕ ಇಳಿದಿದೆಯಾ? ಉರಿಮೂತ್ರ? ಸುಮ್ಮನೆ ಮಲಗಿದಾಗಲೂ ನೋಯುತ್ತಾ? ಹರ್ನಿಯಾ ಇದೆಯೇನೋ ಎಂದು ನಿಲ್ಲಿಸಿ ಕೆಮ್ಮಿಸಿದರು. ಬೆನ್ನಿನ ನರವೇನೋ ಎಂದು ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿದರು. ಒಂದೊಂದೇ ರೋಗವನ್ನು ಕರೆದು, ವಿಚಾರಿಸಿ, ಇದು ನಿನ್ನ ಕೆಲಸವಲ್ಲ ಹೋಗು ಎಂದು ಕಳಿಸುತ್ತಿದ್ದಂತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಲೇ ಇದ್ದೆ. ಕಡೆಗೆ ಮಂಡಿ ಮಡಿಸಿ, ಪಾದವನ್ನು ಮೆಲ್ಲಗೆ ಹೊರಗೆ ತಿರುಗಿಸಿದರು. ಅಷ್ಟೇ! ಎಲ್ಲೋ ಪಾದ ತಿರುಗಿದರೆ ಸರಿಯಾಗಿ ಆ ಗೂಟದ ಜಾಗದಲ್ಲಿ ಬೆಂಕಿ ಹೊತ್ತಿತು. "ಅವ್ವೋ!" ಎಂದು ಕಿರುಚಿದೆ.

"ಇಲ್ಲಿ ತಾನೇ, ತೊಡೆಸಂದಿನಲ್ಲಿ? ಸೊಂಟದ ಕೀಲು ಕೆಟ್ಟರೆ ಸಂದಿನಲ್ಲೇ ನೋಯೋದು ಸಾರ್. ಎಷ್ಟೋ ಸಲ ಮಂಡಿಗೂ ಇಳಿಯುತ್ತೆ. ಮಂಡಿ ಪಾಪ ಏನೂ ಮಾಡಿಲ್ಲ" ಎಂದರು.

ನನ್ನ ಕಿರುಚಾಟವನ್ನೂ ಡಾಕ್ಟರ ಮಾತನ್ನೂ ಕೇಳಿ ಹೊರಗಿದ್ದ ಅವ್ವ ಬೆಂಚಿನಿಂದ ಎದ್ದು, ತೊಡೆಗೆ ಕೈ ಊರಿ, ಒಂದು ಕಡೆ ವಾಲುತ್ತಾ ಒಳಗೆ ಬಂದಳು. ಡಾಕ್ಟರ ಕಣ್ಣು ನನ್ನನ್ನು ಬಿಟ್ಟು ಅತ್ತ ಹೋಯಿತು. "ಅಜ್ಜಿ, ನಿಮಗೆ ಎಲ್ಲಿ ನೋವು?"

"ಮಂಡಿ ಕಣವ್ವ."

ಡಾಕ್ಟರು ಅವಳು ತೊಡೆಗೆ ಊರಿದ್ದ ಕೈಯ ಕಡೆ ಬೆರಳು ತೋರಿಸಿದರು. ಅವ್ವ ನನ್ನ ಕಡೆ ಒಂದು ಸಲ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಅವ್ನಿಗಿರೋ ಜಾಗ್ದಲ್ಲೇ ಕಣವ್ವ ನಂಗೂವೆ. ಗಂಡ್ಮಗನ್ಗೆ ಎಂಗೇಳಾದು?" ಎಂದಳು.

ನಾಲ್ಕು ವರ್ಷ! ನಾಲ್ಕು ವರ್ಷ ನಾನು ಅವಳ ಮಂಡಿಗೆ ಮುಲಾಮು ತಂದುಕೊಟ್ಟು, ಎಂಥ ಮಗ ನಾನು ಎಂದು ಬೀಗಿದ್ದೆ. ಅವಳು ಅದನ್ನು ನನ್ನ ಎದುರಿಗೇ ಸುಳ್ಳು ಜಾಗಕ್ಕೆ ಹಚ್ಚಿಕೊಂಡು, ಅರಿಶಿನದ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕಳೆ ಕಿತ್ತಿದ್ದಳು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಇಬ್ಬರಿಗೂ ಎಕ್ಸ್‌ರೇ ಆಯಿತು, ಈ ಸಲ ಸರಿಯಾದ ಜಾಗಕ್ಕೆ. ನನ್ನ ಕೀಲು ಸವೆಯಲು ಈಗಷ್ಟೇ ಶುರುವಾಗಿದೆ. ವ್ಯಾಯಾಮ ಮಾಡಿ ಹೊಟ್ಟೆ ಕರಗಿಸಿದರೆ ಬೈಕೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಅವ್ವನದು ಬಹಳ ಸವೆದಿದೆ. ಕೀಲು ಬದಲಾಯಿಸಿದರೆ ಮತ್ತೆ ನೆಟ್ಟಗೆ ನಡೆಯಬಹುದು ಎಂದು ಡಾಕ್ಟರು ಮೈಸೂರಿಗೆ ಚೀಟಿ ಬರೆದುಕೊಟ್ಟರು. ಇನ್ನು ಮೇಲೆ ನೋವನ್ನು ಇದ್ದ ಜಾಗದಲ್ಲೇ ಇದ್ದ ಹಾಗೆ ಹೇಳಬೇಕೆಂದು ನಾನು ಅಲ್ಲೇ ಶಪಥ ಮಾಡಿದೆ.

ತಂಗಿಯನ್ನು ನೋಡಿಕೊಂಡು ಊರಿಗೆ ಹೊರಟಾಗ ಚಾಮರಾಜನಗರದ ಬಸ್ಸು ತುಂಬಿತ್ತು. ಸಿದ್ದರಾಜು ಫೋನ್ ಮಾಡಿ, "ಡಾಕ್ಟ್ರು ಯಾನಂದ್ರಣ್ಣ?" ಎಂದ. ಸುತ್ತ ನೋಡಿದೆ. ಪಕ್ಕದ ಸೀಟಿನಲ್ಲಿ ಕಾಲೇಜು ಹುಡುಗಿಯರು. "ಮಂಡಿನೇ ಕಣ್ಲಾ" ಎಂದೆ.

ಹೊಲದ ಆ ತುದಿಯಿಂದ ಈ ತುದಿಗೆ ಆಳುಗಳನ್ನು ಕೂಗಿ ರೂಢಿಯಾದ ಗಂಟಲು ಅವ್ವನದು. "ಯಾಕ್ಲಾ ಸುಳ್ಳೇಳೀಯೆ? ತೊಡೆಸಂದು ಅನ್ನು! ಇಬ್ರುಗೂ ಅಲ್ಲೇ ಅನ್ನು!"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮುಖ ಮರೆಸಿಕೊಳ್ಳೋಣವೆಂದು ಬಗ್ಗಿದೆ. ಸಂದು ಚುಳುಕ್ಕೆಂದಿತು. ನೆಟ್ಟಗೆ ಕುಳಿತೆ.