ದೊಡ್ಡನೆಕ್ಕುಂದಿ ಶೆಡ್ಡು, ದೇವರಿಗೆ ಕೊಟ್ಟ ಹುಂಜ

ಚರ್ಚಿನ ವ್ಯಾನ್ ಓಡಿಸೋನಿಗೆ ಪುಣ್ಯ ಬರುತ್ತೋ ಇಲ್ಲವೋ ಗೊತ್ತಿಲ್ಲ, ನಗೋಕೆ ಮಾತ್ರ ವಾರಕ್ಕೊಂದಾದ್ರೂ ಸಿಕ್ಕೇ ಸಿಗುತ್ತೆ. ಏಳನೇ ಕ್ಲಾಸಲ್ಲಿ ಸ್ಕೂಲಿಗೆ ಕೈ ಮುಗಿದ ಮೇಲೆ ನಾನು ಲಾರಿ ಕ್ಲೀನರ್ ಆದೆ, ಹೊಸೂರಲ್ಲಿ ಪರೋಟ ಬಡಿದೆ, ಗೋವಾದಲ್ಲಿ ದೋಣಿಗೆ ಬಣ್ಣ ಬಳಿದೆ. ಎಲ್ಲೂ ಕಾಲು ನಿಲ್ಲಲಿಲ್ಲ. ಈಗ ಶಿವಾಜಿನಗರದ ಹತ್ತಿರದ ಒಂದು ಲುಥೆರನ್ ಚರ್ಚಿನಲ್ಲಿ ಮಿಷನ್ ಕಮಿಟಿಯ ವ್ಯಾನ್ ಓಡಿಸ್ತಿದ್ದೀನಿ. ಇಲ್ಲಿ ಇಷ್ಟು ದಿನ ನಿಂತಿದ್ದು ಸಂಬಳಕ್ಕಲ್ಲ, ಇವರು ಮುಂದೇನು ಮಾಡ್ತಾರೆ ನೋಡೋಣ ಅಂತ. ನಾನು ಹಲಸೂರಿನ ದೇವಸ್ಥಾನಕ್ಕೆ ಹೋಗೋನು ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಅಯ್ಯನವರು, ಅಂದ್ರೆ ಅಲ್ಲಿನ ಪಾದ್ರಿಗಳು, ನನ್ನನ್ನ ಬದಲಾಯಿಸೋಕೆ ನೋಡಿದ್ದು ಒಂದೇ ವಿಷಯದಲ್ಲಿ, ಹಾರನ್ ಹೊಡೆಯೋದರಲ್ಲಿ. ಅದೂ ಆಗಲಿಲ್ಲ.

ಕಮಿಟಿಯದು ಎರಡು ಕೆಲಸ. ಒಂದು ಹೊರದೇಶದ ಸೇವೆ, ಇನ್ನೊಂದು ಊರಿನ ಸೇವೆ. ಊರಿನ ಸೇವೆ ಅಂದ್ರೆ ದೊಡ್ಡನೆಕ್ಕುಂದಿಯಲ್ಲಿರೋ ಒಂದು ತಗಡಿನ ಶೆಡ್. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿಗೆ ಸಂಜೆ ಅಲ್ಲಿ ಪಾಠ, ಒಂದು ಲೋಟ ಹಾಲು, ಎರಡು ಬಾಳೆಹಣ್ಣು. ನಡೆಸೋದು ಒಬ್ಬ ಟೀಚರಮ್ಮ. ಈ ವರ್ಷ ಶೆಡ್ಡಿನ ಓನರ್ ಒಂದು ದಿನ ಬಂದು ಬಾಗಿಲಲ್ಲಿ ನಿಂತು ಹೇಳಿಬಿಟ್ಟ. "ನಿಮ್ಮ ಚರ್ಚಿನ ಸುಗ್ಗಿ ಹಬ್ಬದೊಳಗೆ ಒಂದು ದೊಡ್ಡ ಅಡ್ವಾನ್ಸ್ ಕೊಡಿ ಟೀಚರ್. ಇಲ್ಲಾಂದ್ರೆ ಒಡೆದು ಪಿಜಿ ಕಟ್ತೀನಿ."

ಅವತ್ತು ವ್ಯಾನಲ್ಲಿ ಬರುವಾಗ ಟೀಚರಮ್ಮ ಹಿಂದೆ ತಿರುಗಿ ಶೆಡ್ ಕಡೆಯೇ ನೋಡ್ತಿದ್ರು. ಟಿನ್ ಫ್ಯಾಕ್ಟ್ರಿ ಹತ್ತಿರ ಬಂದಾಗ ಅಂದ್ರು, "ಶೆಡ್ ಹೋದ್ರೆ ಆ ಮಕ್ಕಳು ಸಂಜೆ ಹೊತ್ತು ಕಬ್ಬಿಣದ ಸರಳು, ಲಿಫ್ಟಿನ ಗುಂಡಿ ಮಧ್ಯೆ ಆಡ್ತಾವಪ್ಪ." ಅವತ್ತಿಂದ ಸುಗ್ಗಿ ಹಬ್ಬದವರೆಗೆ ಆ ಶೆಡ್ ಉಳಿಸೋಕೆ ಇವರು ಮಾಡಿದ ಸಾಹಸಗಳಿವು.

೧. ಏಪ್ರಿಲ್ ತಿಂಗಳ ಸ್ವೆಟರ್

ಜರ್ಮನಿಯ ಒಂದು ಚಿಕ್ಕ ಊರಿನ ಚರ್ಚಿಗೂ ಇವರಿಗೂ ಬಹಳ ವರ್ಷದ ನಂಟು. "ನಮ್ಮ ಮಕ್ಕಳ ಶೆಡ್ ಕಷ್ಟದಲ್ಲಿದೆ, ಏನಾದರೂ ನೆರವಾಗಿ" ಅಂತ ಕಮಿಟಿ ಸೆಕ್ರೆಟರಿ ಅಂಕಲ್ ಅಲ್ಲಿಗೆ ಬರೆದರು. ಅಂಕಲ್ ಫ್ಯಾಕ್ಟರಿಯಿಂದ ರಿಟೈರ್ ಆದವರು, ಏನು ಬರೆದರೂ ಎರಡೇ ಸಾಲು. ಯಾವ ಕಷ್ಟ ಅಂತ ಬರೆದಿರಲಿಲ್ಲ.

ಏಪ್ರಿಲ್‌ನಲ್ಲಿ ಮೂರು ದೊಡ್ಡ ಪೆಟ್ಟಿಗೆ ಬಂತು. ತೆಗೆದ್ರೆ ಉಣ್ಣೆ ಸ್ವೆಟರ್, ಉಣ್ಣೆ ಟೋಪಿ, ಉಣ್ಣೆ ಕಾಲುಚೀಲ. ಅಲ್ಲಿನ ಅಜ್ಜಿಯರೆಲ್ಲ ಸೇರಿ ಚಳಿಗಾಲ ಪೂರ್ತಿ ಕೂತು ಹೆಣೆದಿದ್ದಂತೆ. ಮಕ್ಕಳು ಹಾಕ್ಕೊಂಡಿರೋ ಫೋಟೋ ಬೇಕು ಅಂತ ಜೊತೆಗೊಂದು ಚೀಟಿ.

ತಗಡಿನ ಶೆಡ್, ಮಧ್ಯಾಹ್ನ ಮೂರು ಗಂಟೆ. ಮಕ್ಕಳಿಗೆಲ್ಲ ಸ್ವೆಟರ್ ತೊಡಿಸಿ, ಟೋಪಿ ಎಳೆದು ಸಾಲಾಗಿ ನಿಲ್ಲಿಸಿದರು. ಅಂಕಲ್‌ಗೆ ಮೊಬೈಲಲ್ಲಿ ಕ್ಯಾಮೆರಾ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಹುಡುಗಿಯೊಬ್ಬಳು ಅಂದಳು, "ಟೀಚರ್, ನಮ್ಮೂರು ಯಾದಗಿರ್ಯಾಗೂ ಇಷ್ಟು ಸೆಕಿ ಇಲ್ಲರಿ."

"ಸ್ವಲ್ಪ ತಡ್ಕೊಮ್ಮ, ಅಜ್ಜಿಯರು ಖುಷಿ ಪಡ್ತಾರೆ," ಅಂದ್ರು ಟೀಚರಮ್ಮ.

"ಆ ಅಜ್ಜಿಗೋಳಿಗಿ ನಮ್ಮ ಮ್ಯಾಲ ಏನು ಸಿಟ್ಟರಿ?"

ಫೋಟೋ ಹೋಯ್ತು. ಎಲ್ಲರ ಮುಖದಲ್ಲೂ ಬೆವರು ಇಳೀತಿತ್ತು, ಕಣ್ಣಲ್ಲಿ ನೀರಿತ್ತು. ಎರಡು ವಾರಕ್ಕೆ ಅಲ್ಲಿಂದ ಉತ್ತರ ಬಂತು. ಮಕ್ಕಳ ಮುಖದ ಹೊಳಪು, ಆನಂದದ ಕಣ್ಣೀರು ನೋಡಿ ಅಜ್ಜಿಯರೂ ಅತ್ತುಬಿಟ್ಟರಂತೆ. ಇನ್ನೂ ಐದು ಪೆಟ್ಟಿಗೆ ಕಳಿಸ್ತಿದ್ದಾರಂತೆ.

೨. ಬಿರಿಯಾನಿ ಸಲಹೆ

ಆಮೇಲೆ ಕಮಿಟಿ ಮೀಟಿಂಗ್ ಕರೆದರು. ಸಮೋಸ ತರೋಕೆ ಹೋಗಿದ್ದ ನಾನೂ ಕೊನೇ ಬೆಂಚಲ್ಲಿ ಕೂತೆ. ಶೆಡ್ ವಿಷಯವೇ ಮೊದಲು ಅಂತ ಟೀಚರಮ್ಮ ಮುಂದಿನ ಕುರ್ಚಿ ಹಿಡಿದಿದ್ರು. ಅಂಕಲ್ ಎದ್ದು ನಿಂತು, "ಮೊದಲು ಹೊರದೇಶ" ಅಂದ್ರು.

ಹೊರದೇಶದ ಸುದ್ದಿ ಏನಪ್ಪಾ ಅಂದ್ರೆ, ಅದೇ ಜರ್ಮನಿ ಚರ್ಚಿಗೆ ಭಾನುವಾರ ಜನವೇ ಬರೋದಿಲ್ಲವಂತೆ. ಸ್ವೆಟರ್ ಹೆಣೆಯೋ ಅಜ್ಜಿಯರು ಬಿಟ್ರೆ ಬೆಂಚೆಲ್ಲ ಖಾಲಿ.

"ಕಡವುಳೇ," ಅಂದ್ರು ಅಂಕಲ್. ತಮಿಳಲ್ಲಿ ದೇವರನ್ನ ಕರೆದರೆ ಬೇಗ ಕೇಳುತ್ತೆ ಅಂತ ಅವರ ನಂಬಿಕೆ. "ನಮ್ಮ ತಾತಂದಿರ ಕಾಲದಲ್ಲಿ ಅವರು ಹಡಗು ಹತ್ತಿ ನಮಗೋಸ್ಕರ ಬಂದ್ರು. ಈಗ ಅವರಿಗೆ ಕಷ್ಟ. ನಾವು ಕೈ ಕಟ್ಟಿ ಕೂತ್ಕೋಬೇಕಾ?"

ಎಲ್ಲರೂ ತಲೆ ಅಲ್ಲಾಡಿಸಿದರು. ಏನು ಮಾಡೋಣ? ಮಹಿಳಾ ಸಂಘದಿಂದ ಒಬ್ಬರು ಅಂದ್ರು, "ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ಆರಾಧನೆ ಆದ್ಮೇಲೆ ಬಿರಿಯಾನಿ ಇದೆ ಅಂತ ಹೇಳ್ಬೇಕು. ನಮ್ಮಲ್ಲಿ ಬರಲ್ವಾ ಜನ?"

ಅಯ್ಯನವರು ಮುಖ ಸಪ್ಪಗೆ ಮಾಡ್ಕೊಂಡ್ರು. ಆದರೆ ಅದು ಸುಳ್ಳು ಅಂತ ಹೇಳೋಕೆ ಅವರಿಂದಲೂ ಆಗಲಿಲ್ಲ. ಆಮೇಲೆ ಮಟನ್ನೋ ಚಿಕನ್ನೋ ಅಂತ ಶುರುವಾಯ್ತು ನೋಡಿ, ಕಮಿಟಿ ಎರಡು ಪಾಲಾಯ್ತು. ಆ ದೇಶದ ಚಳಿಗೆ ಮಟನ್ನೇ ಸರಿ ಅಂತ ಒಂದು ಪಕ್ಷ. ಅಜ್ಜಿಯರಿಗೆ ಹಲ್ಲಿರಲ್ಲ ಅಂತ ಇನ್ನೊಂದು ಪಕ್ಷ. ಕೊನೆಗೆ ಚಿಕನ್ ಗೆದ್ದಿತು.

ಟೀಚರಮ್ಮ ಕೈ ಎತ್ತಿದರು. "ಸಾರ್, ಶೆಡ್ಡು."

"ಟೈಮಾಯ್ತಲ್ಲಮ್ಮ," ಅಂದ್ರು ಅಂಕಲ್. ಎಲ್ಲರೂ ಎದ್ದು ನಿಂತರು, ಅಯ್ಯನವರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಮುಗಿಸಿ ಟೀಚರಮ್ಮನ ಕಡೆ ತಿರುಗಿ ನಕ್ಕು, "ನೋಡಿಮ್ಮ, ಶೆಡ್ಡನ್ನ ದೇವರ ಕೈಗೆ ಒಪ್ಪಿಸಿದ್ದೀವಿ" ಅಂದ್ರು.

"ದೇವರು ಅರ್ಜೆಂಟ್ ಮಾಡ್ತಿಲ್ಲ ಅಯ್ಯನವರೇ," ಅಂದ್ರು ಟೀಚರಮ್ಮ. "ಓನರ್ ಕೈಗೆ ಏನು ಒಪ್ಪಿಸೋಣ?"

೩. ಅತಿಥಿ ಸತ್ಕಾರ

ಜುಲೈನಲ್ಲಿ ಆ ಅಜ್ಜಿಯರ ಗುಂಪಿನ ಮುಖ್ಯಸ್ಥೆಯೇ ಜರ್ಮನಿಯಿಂದ ಬಂದರು. ಅಂಕಲ್ ಕಣ್ಣಲ್ಲಿ ಬೆಳಕು. "ಶೆಡ್ ನೋಡಿ ಈಯಮ್ಮನ ಮನಸ್ಸು ಕರಗಿದ್ರೆ ಅಡ್ವಾನ್ಸ್ ಬಂದ ಹಾಗೇ. ಎಲ್ಲಾ ನೀಟಾಗಿರಬೇಕು."

ನೀಟು ಅಂದ್ರೆ ಇವರಿಗೆ ಮದುವೆ ಮನೆ. ತಗಡು ಕಾಣಬಾರದು ಅಂತ ಮೇಲೆ ಬಿಳಿ ಬಟ್ಟೆಯ ಚಪ್ಪರ ಎಳೆಸಿದರು. ಗೋಡೆಗೆ ಬಣ್ಣ. ಶಾಮಿಯಾನದವನಿಂದ ದೊಡ್ಡ ಏರ್ ಕೂಲರ್, ಕೆಂಪು ಕಾರ್ಪೆಟ್. ಚರ್ಚಿನಿಂದ ಮೆತ್ತನೆ ಕುರ್ಚಿಗಳನ್ನ ನಾನೇ ಹೊತ್ತು ತಂದೆ. ಪಕ್ಕದ ಮೋರಿ ಮೇಲೆ ಹಲಗೆ ಹಾಸಿ ಬಾಡಿಗೆ ಹೂಕುಂಡ ಇಟ್ಟೆವು. ಮಕ್ಕಳ ತಾಯಂದಿರು ಬೆಳಗಿನ ಜಾವವೇ ಎದ್ದು ಅಂಗಳ ತೊಳೆದು ರಂಗೋಲಿ ಬಿಟ್ಟು, ಜೋಳದ ರೊಟ್ಟಿ ತಟ್ಟಿದರು.

ಅತಿಥಿಯನ್ನ ಇಂದಿರಾನಗರದಿಂದ ಕರ್ಕೊಂಡು ಬರ್ತಿದ್ದೆ. ಕೆ.ಆರ್. ಪುರದ ತೂಗು ಸೇತುವೆ ಹತ್ತಿರ ಗಾಡಿಗಳು ನಿಂತಲ್ಲೇ ನಿಂತವು. ಆಯಮ್ಮ ಕಿಟಕಿಯಿಂದ ಇಣುಕಿ, ಏನಾದರೂ ಹಬ್ಬದ ಮೆರವಣಿಗೆಯಾ ಅಂತ ಕೇಳಿದರು. ನನಗೆ ಬಂದ ಇಂಗ್ಲಿಷಲ್ಲಿ ಹೇಳಿದೆ, "ಇಲ್ಲ ಮೇಡಂ, ಮಂಗಳವಾರ."

ಶೆಡ್ಡಿಗೆ ಬಂದರು. ಕೂಲರ್ ಮುಂದೆ ಕೂತರು. ರೊಟ್ಟಿ, ಶೇಂಗಾ ಚಟ್ನಿ ತಿಂದು ಇನ್ನೊಂದು ಕೇಳಿ ಹಾಕಿಸಿಕೊಂಡರು. ಮಕ್ಕಳ ಹಾಡು ಕೇಳಿದರು. ಆಮೇಲೆ ಎದೆ ಮೇಲೆ ಕೈಯಿಟ್ಟು ಇಂಗ್ಲಿಷಲ್ಲಿ ಮಾತಾಡಿದರು. ಅವರ ಸ್ವಂತ ಊರಲ್ಲೂ ಇಷ್ಟು ಚೆಂದದ ಶಾಲೆ ಇಲ್ಲವಂತೆ. ನೀವು ಇಷ್ಟು ಚೆನ್ನಾಗಿ ನಿಮ್ಮ ಕಾಲ ಮೇಲೆ ನಿಂತಿರೋದು ನೋಡಿ ಸಂತೋಷವಾಯ್ತು, ಇನ್ನು ನಮ್ಮ ನೆರವನ್ನ ನಿಜವಾಗಲೂ ಕಷ್ಟದಲ್ಲಿರೋ ಬೇರೆ ದೇಶಕ್ಕೆ ಕೊಡ್ತೀವಿ ಅಂದರು.

ಅಂಕಲ್ ಮುಖ ಬಿಳಿಚಿಕೊಳ್ತು. ತಾಯಂದಿರು "ಏನಂದ್ರರಿ ಅಕ್ಕಾರು?" ಅಂತ ಕೇಳಿದರು. "ರೊಟ್ಟಿ ಚೆನ್ನಾಗಿತ್ತಂತೆ," ಅಂದ್ರು ಅಂಕಲ್.

ಟೀಚರಮ್ಮ ಹೋಗಿ ಕೂಲರ್ ಸ್ವಿಚ್ ಆಫ್ ಮಾಡಿದರು.

ಇಷ್ಟರಲ್ಲಿ ಗೇಟಿನ ಹತ್ತಿರ ಓನರ್ ಬಂದು ನಿಂತಿದ್ದ. ಕಾರ್ಪೆಟ್ ನೋಡಿದ, ಚಪ್ಪರ ನೋಡಿದ, ಹೂಕುಂಡ ನೋಡಿದ. ಅಂಕಲ್ ಹೆಗಲ ಮೇಲೆ ಕೈ ಹಾಕಿ ನಿಧಾನಕ್ಕೆ ಅಂದ, "ನನ್ನ ಶೆಡ್ ಇಷ್ಟು ಚೆನ್ನಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ ಅಂಕಲ್. ಅಡ್ವಾನ್ಸ್ ಕಮ್ಮಿ ಹೇಳ್ಬಿಟ್ನೇನೋ."

೪. ಯಾವ ದೇವರ ಹುಂಜ

ಉಳಿದಿದ್ದು ಒಂದೇ ದಾರಿ, ಸುಗ್ಗಿ ಹಬ್ಬದ ಹರಾಜು. ಆ ದಿನ ಚರ್ಚಿನವರು ಕುಂಬಳಕಾಯಿ, ಕಬ್ಬು, ಕೇಕು, ಕೋಳಿ ಏನೇನೋ ತಂದು ಕೊಡ್ತಾರೆ, ಹರಾಜು ಹಾಕಿ ಬಂದಿದ್ದು ಸೇವೆಗೆ. ಮನೆಮನೆಯಿಂದ ತುಂಬ್ಕೊಂಡು ಬರೋ ಕೆಲಸ ನನ್ನದು. ಹಲಸೂರಿನ ಒಬ್ಬ ಆಂಟಿ ತಾವೇ ಸಾಕಿದ ಹುಂಜ ಕೊಟ್ಟರು. ಕೆಂಪು ಬಣ್ಣ, ಕುಸ್ತಿ ಪೈಲ್ವಾನನ ಎದೆ.

ಇಂದಿರಾನಗರದ ಸಿಗ್ನಲಲ್ಲಿ ಅದು ಕಾಲಿನ ದಾರ ಬಿಡಿಸ್ಕೊಂಡು ಹಾರಿ ಸ್ಟೀರಿಂಗ್ ಮೇಲೆ ಬಂದು ಕೂತ್ಕೊಂಡಿತು. ಹಸಿರು ದೀಪ ಬಂತು, ನಾನು ಹೊರಡಲಿಲ್ಲ. ಟ್ರಾಫಿಕ್ ಪೊಲೀಸಪ್ಪ ಬಂದು ಒಳಗೆ ಬಗ್ಗಿ ನೋಡಿದ.

"ಏನೋ ಇದು?"

"ಹುಂಜ ಸಾರ್. ದೇವರಿಗೆ."

ದೇವರು ಅಂದ ಕೂಡಲೇ ಅವನ ದನಿ ಮೆತ್ತಗಾಯ್ತು. "ಯಾವ ದೇವರು?"

ಸುಳ್ಳು ಯಾಕೆ ಹೇಳಲಿ? "ಲುಥೆರನ್ ಸಾರ್."

"ಅದೆಲ್ಲಿ ಬರುತ್ತೆ, ಮಾಲೂರು ಕಡೇನಾ?"

"ಮೂಲ ಜರ್ಮನಿ ಸಾರ್."

ಹುಂಜವನ್ನ ನೋಡಿದ, ನನ್ನ ನೋಡಿದ, ಬಗ್ಗಿ ಮುಂದಿನ ಚಕ್ರ ನೋಡಿದ. "ಅಷ್ಟು ದೂರ ಈ ಗಾಡೀಲಿ ಹೋಗ್ಬೇಡ. ಟೈರ್ ಸವೆದಿದೆ."

೫. ಹರಾಜು

ಹಬ್ಬಕ್ಕೆ ಓನರನ್ನೂ ಕರೆದಿದ್ದು ಅಂಕಲ್ ಉಪಾಯ. ಕೇಕು ತಿಂದ ಬಾಯಲ್ಲಿ ಯಾರನ್ನೂ ಬೀದಿಗೆ ತಳ್ಳೋಕೆ ಆಗಲ್ಲ ಅಂತ. ಬಿಳಿ ಅಂಗಿ, ಬಿಳಿ ಪಂಚೆ, ಕೈಗೆ ಚಿನ್ನದ ಕಡಗ ಹಾಕ್ಕೊಂಡು ಓನರ್ ಬಂದ, ಮೊದಲನೇ ಸಾಲಲ್ಲೇ ಕೂತ.

ಹುಂಜದ ಸರದಿ ಬಂತು. ಹಿಡ್ಕೊಂಡು ನಿಂತೋನು ನಾನು, ಕೂಗೋರು ಅಂಕಲ್. ಇಂದಿರಾನಗರದ ಹಲ್ಲಿನ ಡಾಕ್ಟ್ರು ಒಬ್ಬರು ಒಂದು ರೇಟು ಕೂಗಿದರು. ಓನರ್ ಕಡಗ ಮೇಲೇರಿಸಿ ಅದಕ್ಕಿಂತ ಜಾಸ್ತಿ ಕೂಗಿದ. ಊರಿನ ಯಜಮಾನ ಅಂದ್ಮೇಲೆ ಸುಮ್ಮನೆ ಕೂರೋಕೆ ಆಗುತ್ತಾ? ಡಾಕ್ಟ್ರು ಏರಿಸಿದರು, ಇವನು ಏರಿಸಿದ. ಒಂದ್ಸಲ, ಎರಡ್ಸಲ, ಮೂರ್ಸಲ. ಹುಂಜ ಓನರಿಗೆ. ಎಲ್ಲರೂ ಚಪ್ಪಾಳೆ ಹೊಡೆದರು.

ಈಗ ಇವರದೊಂದು ಪದ್ಧತಿ ಹೇಳಬೇಕು. ಹರಾಜಲ್ಲಿ ಕೊಂಡದ್ದನ್ನ ಮನೆಗೆ ಒಯ್ಯೋದು ದೊಡ್ಡಸ್ತಿಕೆ ಅಲ್ಲ. ದೇವರಿಗೇ ವಾಪಸ್ ಕೊಟ್ಟರೆ ಅದನ್ನೇ ಮತ್ತೆ ಹರಾಜು ಹಾಕ್ತಾರೆ, ಪ್ರತಿ ಸಲದ ದುಡ್ಡೂ ಸೇವೆಗೇ.

"ಅಣ್ಣಾವ್ರು ದೇವರಿಗೆ ವಾಪಸ್ ಕೊಡ್ತಾರಾ?" ಅಂತ ಅಂಕಲ್ ಮೈಕಲ್ಲಿ ಕೇಳಿದರು. ಚರ್ಚೆಲ್ಲ ಇವನ ಕಡೆ ತಿರುಗಿತು. ಓನರ್ ಎದ್ದು ನಿಂತು ಕೈ ಮುಗಿದು, "ಕೊಟ್ಟೆ" ಅಂದ. ಇನ್ನೂ ಜೋರು ಚಪ್ಪಾಳೆ.

ಅಂಕಲ್ ಮತ್ತೆ ಕೂಗೋಕೆ ಶುರು ಮಾಡಿದರು. ಡಾಕ್ಟ್ರು ಮತ್ತೆ ರೇಟು ಹೇಳಿದರು. ಓನರ್ ಗಾಬರಿಯಾಗಿ ನನ್ನ ಅಂಗಿ ಎಳೆದ.

"ಲೇ, ಅದು ನನ್ನ ಹುಂಜ ಅಲ್ವೇನೋ?"

"ಹೌದಣ್ಣ."

"ಮತ್ತೆ ಆ ಹಲ್ಲು ಡಾಕ್ಟ್ರು ಯಾಕೆ ಕೂಗ್ತಾನೆ?"

"ನೀವು ಕೊಟ್ಬಿಟ್ರಲ್ಲಣ್ಣ."

"ಕೊಟ್ಟಿದ್ದು ದೇವರಿಗೆ ಕಣೋ. ಅವನಿಗಲ್ಲ."

ಮತ್ತೆ ಕೂಗಿದ, ಮತ್ತೆ ಗೆದ್ದ, ಚಪ್ಪಾಳೆ ಕೇಳಿ ಮತ್ತೆ ಕೊಟ್ಟ. ಮೂರನೇ ಸಲ ಡಾಕ್ಟ್ರು ಬಾಯಿ ತೆಗೆಯೋ ಮೊದಲೇ ಇವನೇ ಇವನ ರೇಟನ್ನ ಎರಡು ಸಲ ಏರಿಸ್ಕೊಂಡ. ಮಧ್ಯದಲ್ಲಿ ಒಮ್ಮೆ ಬಗ್ಗಿ, "ಈ ದುಡ್ಡು ಯಾವುದಕ್ಕೋ?" ಅಂತ ಕೇಳಿದ. "ಬಡಮಕ್ಕಳ ಪಾಠಕ್ಕೆ ಅಣ್ಣ," ಅಂದೆ. "ಒಳ್ಳೆ ಕೆಲಸ, ಒಳ್ಳೆ ಕೆಲಸ," ಅಂದ. ಯಾವ ಮಕ್ಕಳು ಅಂತ ಅವನು ಕೇಳಲಿಲ್ಲ. ನಾನ್ಯಾಕೆ ಹೇಳಲಿ? ಹಿಂದಿನ ಸಾಲಲ್ಲಿ ಟೀಚರಮ್ಮ ಸೆರಗು ಬಾಯಿಗೆ ತುರುಕ್ಕೊಂಡು ಕೂತಿದ್ರು. ಓನರ್ ಆಗಲೇ ತನ್ನ ಡ್ರೈವರನ್ನ ಮನೆಗೆ ಅಟ್ಟಿ, ಹೆಂಡತಿ ಕೈಯಿಂದ ದುಡ್ಡು ತರಿಸಿ ಎಣಿಸಿಬಿಟ್ಟ. ಕೊನೆಗೆ ಹುಂಜವನ್ನೂ ದೇವರಿಗೇ ಬಿಟ್ಟು, ಎಲ್ಲರ ಕೈ ಕುಲುಕಿ, ಗೆದ್ದ ಖುಷಿಯಲ್ಲಿ ಹೋದ.

ಸೋಮವಾರ ಬೆಳಿಗ್ಗೆ ಅಯ್ಯನವರು, ಅಂಕಲ್, ಟೀಚರಮ್ಮನನ್ನ ಕೂರಿಸ್ಕೊಂಡು ಓನರ್ ಮನೆಗೆ ಹೋದೆ. ಅಂಕಲ್ ಕವರ್ ಮುಂದಿಟ್ಟರು. "ನೀವು ಕೇಳಿದ ಅಡ್ವಾನ್ಸ್. ಪೂರ್ತಿ ಇದೆ."

ಓನರಿಗೆ ಆಶ್ಚರ್ಯ. ಕವರ್ ಬಿಚ್ಚಿದ. ಕಾಫಿ ತಂದ ಹೆಂಡತಿ ಹಾಗೇ ನಿಂತು ನೋಟಿನ ಕಟ್ಟು ನೋಡಿದರು. ಮೇಲಿನ ನೋಟಿನ ಮೇಲೆ ಅರಿಶಿನ, ಕುಂಕುಮ.

"ರೀ, ಇದು ನಾನು ಶುಕ್ರವಾರ ಪೂಜೆಗೆ ಇಟ್ಟಿದ್ದ ಕಟ್ಟಲ್ವಾ?"

ಓನರ್ ಕಟ್ಟು ನೋಡಿದ, ಅಂಕಲ್ ಮುಖ ನೋಡಿದ, ಕೊನೆಗೆ ನನ್ನ ನೋಡಿದ. "ಬಡಮಕ್ಕಳು ಅಂದ್ಯಲ್ಲೋ."

"ಅವರೇ ಅಣ್ಣ. ನಿಮ್ಮ ಶೆಡ್ಡಿನವರು."

ಟೀಚರಮ್ಮ ಸೀರೆ ಅಂಚು ಹಿಸುಕ್ತಾ ನೆಲ ನೋಡ್ತಿದ್ರು. ಓನರ್ ಹೆಂಡತಿ ಕೇಳಿದರು, "ಅಷ್ಟು ಕೊಟ್ರಲ್ಲ, ಹುಂಜ ಎಲ್ಲಿ?" ಭಾನುವಾರ ರಾತ್ರಿ ಅದರ ಸಾರಲ್ಲೇ ಊಟ ಮಾಡಿದ್ದ ಅಯ್ಯನವರು ಮೇಲೆ ತಿರುಗ್ತಿದ್ದ ಫ್ಯಾನ್ ನೋಡಿದರು.

ಓನರ್ ಕೈಯ ಕಡಗ ಒಂದ್ಸಲ ತಿರುಗಿಸಿದ. ಚರ್ಚಲ್ಲಿ ಅಷ್ಟು ಜನರ ಮುಂದೆ ಚಪ್ಪಾಳೆ ಹೊಡೆಸ್ಕೊಂಡಿದ್ದಾನೆ, ಹಿಂದೆ ಹೋಗೋ ಹಾಗಿಲ್ಲ. ಕಟ್ಟನ್ನ ಜೇಬಿಗೆ ಹಾಕ್ಕೊಂಡು, ಒಪ್ಪದಿದ್ರೆ ಕೊಡೋಣ ಅಂತ ಟೀಚರಮ್ಮ ತಂದಿಟ್ಟಿದ್ದ ಶೆಡ್ಡಿನ ಕೀಲಿಯನ್ನ ಅವರ ಕಡೆಗೇ ವಾಪಸ್ ತಳ್ಳಿದ. "ನಡೆಸ್ಕೊಳ್ಳಿ. ಆದ್ರೆ ಈಗಲೇ ಹೇಳ್ತೀನಿ, ಬರೋ ವರ್ಷ ಬಾಡಿಗೆ ಏರಿಸ್ತೀನಿ."

ಒಳಗೆ ಹೋಗ್ತಿದ್ದ ಹೆಂಡತಿ ತಿರುಗಿಯೂ ನೋಡದೆ ಅಂದರು, "ಏರಿಸ್ರಿ, ಏರಿಸ್ರಿ. ಕೊಡೋರು ನೀವೇ ತಾನೆ."